ಮ್ಯಾಡಿಸನ್‌ನಲ್ಲಿ ಬಳಗ ಸೇರಿಸುವುದಾದರೆ: ಯಾವ ವಾರ, ಯಾವ ಮನೆ, ಯಾವ ಕೆರೆ

ಅಮೆರಿಕದ ನಾಲ್ಕು ಮೂಲೆಯಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಊರಿನಿಂದ ಬಂದಿರುವ ಅಪ್ಪ ಅಮ್ಮ ಎಲ್ಲರೂ ಒಂದು ಕಡೆ ಸೇರಬೇಕು ಅಂದರೆ ಮೊದಲು ಬಾಯಿಗೆ ಬರುವ ಹೆಸರು ಷಿಕಾಗೋ. ವಿಮಾನ ಸುಲಭ, ನಮ್ಮ ಅಂಗಡಿಗಳು ಹತ್ತಿರ, ಯಾರದೋ ಒಬ್ಬರ ಮನೆ ಅಲ್ಲಿ ಇದ್ದೇ ಇರುತ್ತದೆ. ಆಮೇಲೆ ಆಗುವುದೇನು? ಆ ಮನೆಯಾಕೆ ಮೂರು ದಿನ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ, ಗಂಡಸರು ಬೇಸ್‌ಮೆಂಟ್‌ನಲ್ಲಿ ಟಿವಿ ಮುಂದೆ, ಮಕ್ಕಳು ಫೋನ್ ಮುಂದೆ. ಅದಕ್ಕಿಂತ ಇನ್ನೊಂದು ಎರಡೂವರೆ ಗಂಟೆ ಕಾರು ಓಡಿಸಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಹೋಗಿ ಅನ್ನುವವನು ನಾನು. ಯಾರ ಮನೆಯೂ ಅಲ್ಲ, ಹಾಗಾಗಿ ಎಲ್ಲರೂ ನೆಂಟರೇ.

ಊರಿನ ಆಕಾರವೇ ಚೆಂದ. ಮೆಂಡೋಟಾ, ಮೊನೋನಾ ಅನ್ನುವ ಎರಡು ದೊಡ್ಡ ಕೆರೆಗಳ ನಡುವಿನ ಸಣ್ಣ ಪಟ್ಟಿಯ ಮೇಲೆ ಪೇಟೆ ಕೂತಿದೆ. ಮಧ್ಯದಲ್ಲಿ ಕ್ಯಾಪಿಟಲ್ ಕಟ್ಟಡ, ಅಂದರೆ ರಾಜ್ಯದ ವಿಧಾನಸೌಧ, ಅಲ್ಲಿಂದ ಸ್ಟೇಟ್ ಸ್ಟ್ರೀಟ್ ಹಿಡಿದು ನಡೆದರೆ 1848ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಆ ರಸ್ತೆಯಲ್ಲಿ ಬಸ್ಸು, ಸೈಕಲ್, ಜನ ಅಷ್ಟೇ, ಖಾಸಗಿ ಕಾರಿಗೆ ಜಾಗ ಇಲ್ಲ. ಅಪ್ಪ ಅಮ್ಮನಿಗೆ ಅಮೆರಿಕದಲ್ಲಿ ಇರುವ ದೊಡ್ಡ ಬೇಜಾರು ಏನು ಹೇಳಿ, ಯಾರಾದರೂ ಕಾರಿನಲ್ಲಿ ಕೂರಿಸಿಕೊಂಡು ಹೋಗದಿದ್ದರೆ ಬಾಗಿಲು ದಾಟುವ ಹಾಗಿಲ್ಲ ಅನ್ನುವುದು. ಇಲ್ಲಿ ದಾಟಬಹುದು.

ಆದರೆ ಹೆಚ್ಚಿನವರು ಹುಡುಕಾಟವನ್ನೇ ತಲೆಕೆಳಗಾಗಿ ಶುರು ಮಾಡುತ್ತಾರೆ. ಮೊದಲು "ಕೆರೆ ಕಾಣುವ ಮನೆ" ಹುಡುಕಿ, ಅದು ಯಾವಾಗ ಖಾಲಿ ಇದೆ ನೋಡಿ, ಆಮೇಲೆ ಎಲ್ಲರಿಗೂ ತಾರೀಖು ಹೇಳುತ್ತಾರೆ. ಕಾಲೇಜಿನ ಊರಿನಲ್ಲಿ ಇದು ಕೆಲಸ ಮಾಡುವುದಿಲ್ಲ. ಮೊದಲು ವಾರ, ಆಮೇಲೆ ಅಡುಗೆಮನೆ, ಕೊನೆಗೆ ಕೆರೆ. ಈ ಕ್ರಮದಲ್ಲೇ ನೋಡೋಣ.

ಯಾವ ವಾರ

ಮ್ಯಾಡಿಸನ್‌ನಲ್ಲಿ ರೂಮಿನ ಬಾಡಿಗೆ ನಿರ್ಧಾರ ಮಾಡುವುದು ಹವಾಮಾನ ಅಲ್ಲ, ವಿಶ್ವವಿದ್ಯಾಲಯದ ಕ್ಯಾಲೆಂಡರ್. ಮೇ ಮಧ್ಯದಲ್ಲಿ ಪದವಿ ಪ್ರದಾನ. ಆ ವಾರಾಂತ್ಯ ಪದವೀಧರರ ಅಪ್ಪ ಅಮ್ಮಂದಿರೇ ಊರು ತುಂಬಿರುತ್ತಾರೆ. ನಿಮ್ಮ ಬಳಗದಲ್ಲೇ ಯಾರಾದರೂ ಪದವಿ ಮುಗಿಸುತ್ತಿದ್ದರೆ ಸರಿ, ಅದೇ ನೆಪ. ಇಲ್ಲದಿದ್ದರೆ ಹತ್ತಿರ ಸುಳಿಯಬೇಡಿ.

ಆಗಸ್ಟ್ 14-15 ಇನ್ನೊಂದು ಥರ. ವಿದ್ಯಾರ್ಥಿಗಳ ಬಾಡಿಗೆ ಕರಾರು ಬಹುಪಾಲು ಆಗಲೇ ಮುಗಿದು ಹೊಸದು ಶುರುವಾಗುವುದರಿಂದ ಪೇಟೆಯ ಬೀದಿಬೀದಿಯಲ್ಲಿ ಸೋಫಾ, ಮೇಜು, ಹಾಸಿಗೆ ಫುಟ್‌ಪಾತಿಗೆ ಬಿದ್ದಿರುತ್ತವೆ, ಲಾರಿಗಳು ಅಡ್ಡಾದಿಡ್ಡಿ ನಿಂತಿರುತ್ತವೆ. ನೋಡಲು ಮಜಾ, ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗಲು ಅಲ್ಲ.

ಸೆಪ್ಟೆಂಬರ್ ಬಂದರೆ ಫುಟ್‌ಬಾಲ್. ಕ್ಯಾಂಪ್ ರ್‍ಯಾಂಡಲ್ ಕ್ರೀಡಾಂಗಣದಲ್ಲಿ 75 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ, ವಿಶ್ವವಿದ್ಯಾಲಯದ ತಂಡದ ಪಂದ್ಯ ಇಲ್ಲೇ ಇರುವ ಶನಿವಾರ ಊರೆಲ್ಲ ಕೆಂಪು ಅಂಗಿ. ಸಾಮಾನ್ಯ ದಿನದ ಹೋಟೆಲ್ ರೂಮು ಅವತ್ತು ಎರಡು ಮೂರು ಪಟ್ಟು ಕೇಳಿದರೆ ಆಶ್ಚರ್ಯ ಪಡಬೇಡಿ. ಅದೇ ತಿಂಗಳಲ್ಲಿ ಈಜು, ಸೈಕಲ್, ಓಟ ಮೂರೂ ಇರುವ ಐರನ್‌ಮ್ಯಾನ್ ಸ್ಪರ್ಧೆಯೂ ಬರುತ್ತದೆ, ಅವತ್ತು ಭಾನುವಾರ ಅರ್ಧ ರಸ್ತೆ ಬಂದ್. ಅಕ್ಟೋಬರ್ ಮೊದಲ ವಾರದ ಆಸುಪಾಸು ವರ್ಲ್ಡ್ ಡೈರಿ ಎಕ್ಸ್‌ಪೋ. ಹಸು ಸಾಕುವವರು, ಹಾಲಿನ ವ್ಯಾಪಾರದವರು ಬೇರೆ ಬೇರೆ ದೇಶಗಳಿಂದ ಬರುತ್ತಾರೆ. ನಿಮ್ಮ ದೊಡ್ಡಪ್ಪನಿಗೆ ಊರಲ್ಲಿ ಕೊಟ್ಟಿಗೆ ಇದ್ದರೆ ಅವರಿಗೆ ಅದಕ್ಕಿಂತ ದೊಡ್ಡ ಜಾತ್ರೆ ಬೇರೆ ಇಲ್ಲ. ಆದರೆ ಮಕ್ಕಳಿಗೆ ಆಗ ಶಾಲೆ.

ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ವಾರಾಂತ್ಯ ಎಲ್ಲರಿಗೂ ರಜೆ ಅಲ್ವಾ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ರಜೆ ನಿಜ. ಆದರೆ ಅಮೆರಿಕದ ಕನ್ನಡಿಗರ ಸಂಘಟನೆಗಳಾದ "ಅಕ್ಕ"ದ ಸಮ್ಮೇಳನವೋ "ನಾವಿಕ"ದ ಸಮ್ಮೇಳನವೋ ಸಾಮಾನ್ಯವಾಗಿ ಅದೇ ವಾರಾಂತ್ಯ ಬೀಳುತ್ತದೆ. ಬಳಗದಲ್ಲಿ ಹಾಡುವವರು, ನಾಟಕ ಆಡುವವರು ಇದ್ದರೆ ಅವರು ಅತ್ತ ಹೋಗುತ್ತಾರೆ. ಗಣೇಶನ ಹಬ್ಬವೂ ಆಗಿನ ಸುತ್ತಮುತ್ತಲೇ.

ಹಾಗಾದರೆ ಉಳಿದದ್ದು? ಇಲ್ಲಿ ಶಾಲೆಯ ಲೆಕ್ಕ ನೋಡಿ. ನ್ಯೂಜರ್ಸಿ, ನ್ಯೂಯಾರ್ಕ್ ಕಡೆಯ ಮಕ್ಕಳಿಗೆ ಜೂನ್ ಮೂರನೇ ನಾಲ್ಕನೇ ವಾರದವರೆಗೂ ಶಾಲೆ ಇರುತ್ತದೆ. ಟೆಕ್ಸಾಸ್, ಜಾರ್ಜಿಯಾ ಕಡೆ ಆಗಸ್ಟ್ ಮೊದಲ ಎರಡು ವಾರದಲ್ಲೇ ಶುರು. ಎರಡೂ ಕಡೆಯವರಿಗೆ ಸಮನಾಗಿ ಸಿಗುವುದು ಜೂನ್ ಕೊನೆಯ ವಾರದಿಂದ ಜುಲೈ ಕೊನೆಯವರೆಗೆ ಮಾತ್ರ. ಅದರಲ್ಲಿ ಜುಲೈ 4ರ ವಾರಾಂತ್ಯ ತೆಗೆದುಹಾಕಿ, ಕೆರೆ ಮನೆಗಳಿಗೆ ಆಗ ಬಂಗಾರದ ಬೆಲೆ. ಜೂನ್ ಕೊನೆಯ ವಾರಾಂತ್ಯ ಅಥವಾ ಜುಲೈ ಎರಡನೇ ಮೂರನೇ ವಾರ, ನನ್ನ ಓಟು ಇದಕ್ಕೇ. "ಆಷಾಢ ಕಣೋ" ಅಂತ ಅಜ್ಜಿ ರಾಗ ಎಳೆಯಬಹುದು. ಎಳೆದರೆ ಒಳ್ಳೆಯದೇ ಅನ್ನಿ: ಆಷಾಢದಲ್ಲಿ ಮದುವೆ, ಗೃಹಪ್ರವೇಶ ಏನೂ ಇಲ್ಲ, ಹಾಗಾಗಿ "ನಮ್ಮ ಬೀಗರ ಮನೆ ಮದುವೆ ಇದೆ" ಅಂತ ತಪ್ಪಿಸಿಕೊಳ್ಳುವವರು ಕಡಿಮೆ.

ಜೂನ್ ಕೊನೆಗೆ ಇಲ್ಲಿ ಕತ್ತಲಾಗುವುದು ಒಂಬತ್ತು ಗಂಟೆಯ ಮೇಲೆ. ಮಧ್ಯಾಹ್ನದ ಊಟ ಮೂರಕ್ಕೆ ಹೋದರೂ ಸಂಜೆ ಪೂರ್ತಿ ಕೈಯಲ್ಲಿ ಉಳಿಯುತ್ತದೆ. ನಮ್ಮವರ ಊಟದ ಹೊತ್ತು ಗೊತ್ತಲ್ಲ.

ಹೋಟೆಲೋ, ಕೆರೆ ದಂಡೆಯ ಮನೆಯೋ

ಆಯ್ಕೆ ಮೂರು. ಕ್ಯಾಪಿಟಲ್ ಸುತ್ತಲಿನ ಹೋಟೆಲುಗಳು, ಪಶ್ಚಿಮಕ್ಕೆ ಮಿಡಲ್‌ಟನ್ ಕಡೆಯ ಸೂಟ್ ಹೋಟೆಲುಗಳು, ಇಲ್ಲವೇ ಬಾಡಿಗೆ ಮನೆ.

ಪೇಟೆಯ ಹೋಟೆಲಿನ ಗುಣ ಒಂದೇ, ಆದರೆ ದೊಡ್ಡದು: ಹಿರಿಯರು ತಾವೇ ಇಳಿದು ನಡೆದು ಹೋಗಬಹುದು. ಶನಿವಾರ ಬೆಳಿಗ್ಗೆ ಕ್ಯಾಪಿಟಲ್ ಸುತ್ತ ರೈತರ ಸಂತೆ. 1972ರಿಂದ ನಡೆಯುತ್ತಿದೆ, ಬೆಳೆದವರೇ ಮಾರಬೇಕು ಅನ್ನುವ ನಿಯಮ. ಜನ ಎಲ್ಲರೂ ಗಡಿಯಾರದ ಉಲ್ಟಾ ದಿಕ್ಕಿನಲ್ಲಿ ಸುತ್ತುತ್ತಾರೆ. ನಮ್ಮವರು ಗುಡಿ ಸುತ್ತಿದ ಅಭ್ಯಾಸಕ್ಕೆ ಬಲಕ್ಕೆ ಪ್ರದಕ್ಷಿಣೆ ಹೊರಟು ಎದುರು ಬರುವ ಸ್ಟ್ರೋಲರ್‌ಗಳಿಗೆ ಡಿಕ್ಕಿ ಹೊಡೆಯುತ್ತಾರೆ. ಒಳಗೆ ಕ್ಯಾಪಿಟಲ್ ನೋಡಲು ದುಡ್ಡಿಲ್ಲ, ಗೈಡ್ ಕೂಡ ಉಚಿತ. 1917ರಲ್ಲಿ ಮುಗಿದ ಗ್ರಾನೈಟ್ ಗುಮ್ಮಟ ಅದು. ಬಿಸಿಲು ಜಾಸ್ತಿಯಾದರೆ ಒಳಗಿನ ಕಲ್ಲಿನ ತಂಪಿನಲ್ಲಿ ಅರ್ಧ ಗಂಟೆ ಸುಮ್ನೆ ಕೂತರೂ ಯಾರೂ ಏಳಿಸುವುದಿಲ್ಲ. ದೋಷ: ಪಾರ್ಕಿಂಗ್‌ಗೆ ದಿನಕ್ಕಿಷ್ಟು ಅಂತ ಕಟ್ಟಬೇಕು, ಮತ್ತು ರೂಮಿನಲ್ಲಿ ಒಂದು ಲೋಟ ಹಾಲು ಬಿಸಿ ಮಾಡುವುದೂ ಸಾಹಸ.

ಮಿಡಲ್‌ಟನ್ ಕಡೆಯದು ನೋಡಲು ನೀರಸ. ಆದರೆ ಪಾರ್ಕಿಂಗ್ ಬಿಟ್ಟಿ, ಹಲವು ಕಡೆ ರೂಮಿನಲ್ಲೇ ಸಣ್ಣ ಅಡುಗೆಕಟ್ಟೆ ಮತ್ತು ಫ್ರಿಜ್, ಕಾರು ಇರುವ ನಾಲ್ಕು ಜನರ ಕುಟುಂಬಕ್ಕೆ ತಕರಾರಿಲ್ಲದ ಜಾಗ.

ಇನ್ನು ಮನೆ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಫೋಟೋ ನೋಡಿ ಮರುಳಾಗುವುದು ಇಲ್ಲೇ. ಮ್ಯಾಡಿಸನ್ ನಗರದ ಮಿತಿಯೊಳಗೆ ನಾಲ್ಕು ದಿನದ ಬಾಡಿಗೆಗೆ ನಿಯಮ ಬಿಗಿ, ಕೊಡುವವರು ತಾವೇ ವಾಸ ಮಾಡುವ ಮನೆಯಾಗಿರಬೇಕು. ಹಾಗಾಗಿ ಹದಿನಾಲ್ಕು ಜನ ಮಲಗುವ ದೊಡ್ಡ ಮನೆ ಬೇಕಾದರೆ ಊರಾಚೆ ನೋಡಿ. ವೌಬೇಸಾ ಕೆರೆಯ ಮೇಲಿನ ಮೆಕ್‌ಫಾರ್ಲೆಂಡ್, ಇನ್ನೂ ಕೆಳಗೆ ಕೆಗೋನ್ಸಾ ಕೆರೆ, ಸ್ಟೋಟನ್ ಕಡೆ.

ಬುಕ್ ಮಾಡುವ ಮೊದಲು ಮಾಲೀಕರಿಗೆ ಕೇಳಲೇಬೇಕಾದ್ದು ಕೆರೆಯ ಬಗ್ಗೆ ಅಲ್ಲ. ನೆಲಮಹಡಿಯಲ್ಲಿ ಮಲಗುವ ಕೋಣೆ ಮತ್ತು ಸ್ನಾನದ ಕೋಣೆ ಎರಡೂ ಇದೆಯಾ? ಕೆರೆ ಮನೆಗಳು ಇಳಿಜಾರಿನಲ್ಲಿ ಇರುತ್ತವೆ, ಫೋಟೋದಲ್ಲಿ ಚೆಂದ ಕಾಣುವ ಮರದ ಮೆಟ್ಟಿಲು ಮಂಡಿನೋವಿನವರಿಗೆ ಶತ್ರು. ಎಷ್ಟು ಬಚ್ಚಲು? ಹಾಸಿಗೆ ಹದಿನಾಲ್ಕು ಇದ್ದು ಬಚ್ಚಲು ಎರಡಿದ್ದರೆ ಬೆಳಿಗ್ಗೆ ಏಳಕ್ಕೆ ಸಾಲು. ಊರಾಚೆ ಹಲವು ಕಡೆ ಸೆಪ್ಟಿಕ್ ಟ್ಯಾಂಕ್, ಅಷ್ಟು ಜನರ ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಒಂದೇ ಹೊತ್ತಿಗೆ ತಡೆಯುವುದಿಲ್ಲ, ಸರದಿ ಹಾಕಿ.

ಒಲೆ ಯಾವುದು ಕೇಳಿ. ಗ್ಯಾಸ್ ಇದ್ದರೆ ಅದೃಷ್ಟ. ಗಾಜಿನ ಮೇಲ್ಮೈಯ ಕರೆಂಟ್ ಒಲೆ ಇದ್ದರೆ ತಳ ಉರುಟಾದ ಬಾಣಲೆ ತಂದು ಪ್ರಯೋಜನ ಇಲ್ಲ, ಚಪ್ಪಟೆ ತಳದ್ದು ತನ್ನಿ. ಹೊಗೆ ಅಲಾರಾಂ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಇಪ್ಪತ್ತು ಜನರ ಸಾರಿಗೆ ಒಗ್ಗರಣೆ ಅಂದರೆ ಒಂದು ಹಿಡಿ ಒಣಮೆಣಸಿನಕಾಯಿ ಎಣ್ಣೆಗೆ ಬೀಳುತ್ತದೆ. ಮೊದಲು ಕೆಮ್ಮು, ಆಮೇಲೆ ಅಲಾರಾಂ, ಆಮೇಲೆ ಯಾರೋ ಕುರ್ಚಿ ಹತ್ತಿ ಟವೆಲ್ ಬೀಸುವುದು. ಕಿಟಕಿ ತೆರೆದು, ಚಿಮಣಿ ಫ್ಯಾನ್ ಹಾಕಿಯೇ ಒಗ್ಗರಣೆ ಕೊಡಿ, ಇಲ್ಲದಿದ್ದರೆ ಹೊರಗಿನ ಗ್ರಿಲ್ ಪಕ್ಕದ ಒಲೆಯಲ್ಲಿ. ಊರಿನಿಂದ ಅತ್ತೆ ಹೊತ್ತು ತಂದ ಮಿಕ್ಸಿ ಇಲ್ಲಿನ 120 ವೋಲ್ಟ್‌ಗೆ ಓಡುವುದಿಲ್ಲ, ಷಿಕಾಗೋದವರ ಮಿಕ್ಸಿ ಕಾರಿಗೆ ಹಾಕಿಸಿ.

ನನ್ನ ತೀರ್ಮಾನ: ಎಲ್ಲರನ್ನೂ ಒಂದೇ ಸೂರಿನಡಿ ತುಂಬಬೇಡಿ. ಒಂದು ಮನೆ ತೆಗೆದುಕೊಂಡು ಹಿರಿಯರು ಮತ್ತು ಅಡುಗೆಯಲ್ಲಿ ಆಸಕ್ತಿ ಇರುವ ಎರಡು ಕುಟುಂಬ ಅಲ್ಲಿರಲಿ. ಮಿಕ್ಕವರು ಹದಿನೈದು ಇಪ್ಪತ್ತು ನಿಮಿಷದ ದೂರದ ಹೋಟೆಲ್‌ಗಳಲ್ಲಿ ಮಲಗಿ ಬೆಳಿಗ್ಗೆ ಕಾಫಿಗೆ ಬರಲಿ. ಓರಗಿತ್ತಿಯರಿಗೂ ಷಡ್ಡಕರಿಗೂ ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಒಂದು ಬಾಗಿಲು ಅಡ್ಡ ಇದ್ದರೆ ಮೂರನೇ ದಿನವೂ ನಗುತ್ತಾ ಮಾತಾಡುತ್ತಾರೆ.

ಕೆರೆ ಐದಿವೆ

ಮೆಂಡೋಟಾ, ಮೊನೋನಾ, ವೌಬೇಸಾ, ಕೆಗೋನ್ಸಾ ಯಹಾರಾ ನದಿಯ ಸಾಲಿನಲ್ಲಿ, ವಿಂಗ್ರಾ ಪಕ್ಕದಲ್ಲಿ. ಮೆಂಡೋಟಾ ದೊಡ್ಡದು, ಸುಮಾರು 25 ಮೀಟರ್ ಆಳ, ಗಾಳಿ ಎದ್ದರೆ ಅಲೆ ಏಳುತ್ತದೆ, ಮೋಟರ್ ದೋಣಿಗಳ ಓಡಾಟ ಜಾಸ್ತಿ. ಅದನ್ನು ನೋಡಲು ಇಟ್ಟುಕೊಳ್ಳಿ. ವಿಂಗ್ರಾ ಪುಟ್ಟದು, ಆಳ ನಾಲ್ಕು ಮೀಟರ್ ಆಸುಪಾಸು, ದೋಣಿಗಳು ನಿಧಾನವಾಗಿಯೇ ಹೋಗಬೇಕು. ಮೊದಲ ಸಲ ಕಯಾಕ್ ಹತ್ತುವ ಮಕ್ಕಳಿಗೆ ಇದೇ ಸರಿ. ಲೈಫ್ ಜಾಕೆಟ್ ದೊಡ್ಡವರಿಗೂ ಹಾಕಿಸಿ, "ನಾನು ತುಂಗೆಯಲ್ಲಿ ಈಜಿದವನು" ಅನ್ನುವ ಭಾವನಿಗೆ ಮೊದಲು. ಪಕ್ಕದಲ್ಲೇ ಹೆನ್ರಿ ವಿಲಾಸ್ ಮೃಗಾಲಯ, ಪ್ರವೇಶ ಉಚಿತ. ಜಾಗ ದಾನ ಕೊಟ್ಟ ಕುಟುಂಬ ಹಾಕಿದ ಷರತ್ತೇ ಅದು.

ನೀರಿಗೆ ಇಳಿಯುವ ಆಸೆ ಇದ್ದರೆ ಒಂದು ವಿಷಯ ತಿಳಿದಿರಲಿ. ಸುತ್ತಲಿನ ಹೊಲಗಳ ಸಗಣಿ ಗೊಬ್ಬರ, ರಸಗೊಬ್ಬರದಿಂದ ಹರಿದು ಬರುವ ರಂಜಕ ಈ ಕೆರೆಗಳಲ್ಲಿ ನೀಲಿ-ಹಸಿರು ಪಾಚಿ ಬೆಳೆಸುತ್ತದೆ. ಸೆಕೆ, ಗಾಳಿ ಇಲ್ಲದ ದಿನ ದಂಡೆಯಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಾಣುತ್ತದೆ. ಕೆಲವು ಬಗೆಯವು ವಿಷಕಾರಿ, ನಾಯಿಗೂ ಮಕ್ಕಳಿಗೂ ಅಪಾಯ. ಸ್ಥಳೀಯ ಆರೋಗ್ಯ ಇಲಾಖೆ ಬೇಸಿಗೆಯಲ್ಲಿ ಬೀಚುಗಳ ನೀರು ಪರೀಕ್ಷೆ ಮಾಡಿ ಯಾವುದು ಮುಚ್ಚಿದೆ ಅಂತ ಆನ್‌ಲೈನ್‌ನಲ್ಲಿ ಹಾಕುತ್ತದೆ, ಬೆಳಿಗ್ಗೆ ಅದನ್ನು ನೋಡಿಯೇ ಟವೆಲ್ ತೆಗೆಯಿರಿ. ಮೊದಲೆಲ್ಲ ಬೇಸಿಗೆಯ ಆರಂಭದಲ್ಲಿ ಡ್ಯಾಫ್ನಿಯಾ ಅನ್ನುವ ಸೂಕ್ಷ್ಮ ಜೀವಿಗಳು ಪಾಚಿ ತಿಂದು ಮೆಂಡೋಟಾವನ್ನು ತಿಳಿಯಾಗಿಸುತ್ತಿದ್ದವು. 2009ರಲ್ಲಿ ಕಂಡುಬಂದ ಹೊರಗಿನ ಮುಳ್ಳು ನೀರುಚಿಗಟ ಆ ಡ್ಯಾಫ್ನಿಯಾವನ್ನೇ ತಿಂದು ಲೆಕ್ಕ ಕೆಡಿಸಿತು. 2015ರಲ್ಲಿ ಜೀಬ್ರಾ ಮಸಲ್ ಕೂಡ ಬಂತು, ಅದರ ಪುಟ್ಟ ಚಿಪ್ಪು ಬ್ಲೇಡಿನ ಹಾಗೆ ಕಾಲು ಕೊಯ್ಯುತ್ತದೆ. ಬರಿಗಾಲಲ್ಲಿ ಇಳಿಯಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ ಕೆರೆ ದಂಡೆಯ ಮನೆಗೆ ರಾತ್ರಿಗೆ ನೂರಿನ್ನೂರು ಡಾಲರ್ ಜಾಸ್ತಿ ಕೊಡಬೇಕಾ ಅಂದರೆ, ಬೆಳಿಗ್ಗೆ ದಂಡೆಯಲ್ಲಿ ಕೂತು ಕಾಫಿ ಕುಡಿಯುವವರು ನಾಲ್ಕು ಜನ ಇದ್ದರೆ ಕೊಡಿ. ಈಜುವುದಕ್ಕೆ ಅಂತ ಕೊಡಬೇಡಿ.

ಎಲ್ಲರೂ ಒಟ್ಟಿಗೆ ಕೂರುವ ಊಟ

ದೊಡ್ಡ ಊಟಕ್ಕೆ ವಿಶ್ವವಿದ್ಯಾಲಯದ ಮೆಮೋರಿಯಲ್ ಯೂನಿಯನ್ ಟೆರೇಸ್ ಬಹಳ ಜನರ ಆಸೆ. ಮೆಂಡೋಟಾ ದಂಡೆಯಲ್ಲಿ ಹಸಿರು, ಹಳದಿ, ಕಿತ್ತಳೆ ಬಣ್ಣದ ಕಬ್ಬಿಣದ ಕುರ್ಚಿಗಳು, ಬೇಸಿಗೆಯ ಸಂಜೆ ಸಂಗೀತ, ಎದುರಿಗೆ ಸೂರ್ಯ ಮುಳುಗುವುದು. ಯಾರು ಬೇಕಾದರೂ ಕೂರಬಹುದು. ಆದರೆ ಶುಕ್ರವಾರ ಸಂಜೆ ಇಪ್ಪತ್ತೈದು ಕುರ್ಚಿ ಒಂದೇ ಕಡೆ ಸೇರಿಸಿ ಹಿಡಿಯುತ್ತೇನೆ ಅಂದರೆ ಮಧ್ಯಾಹ್ನದಿಂದಲೇ ಹುಡುಗರನ್ನು ಕಾವಲು ಹಾಕಬೇಕು. ಟೆರೇಸ್‌ಗೆ ಐಸ್‌ಕ್ರೀಮ್ ತಿನ್ನಲು ಹೋಗಿ. ವಿಶ್ವವಿದ್ಯಾಲಯದ ಸ್ವಂತ ಡೈರಿಯ ಬ್ಯಾಬ್‌ಕಾಕ್ ಐಸ್‌ಕ್ರೀಮ್ ಅಲ್ಲೇ ಸಿಗುತ್ತದೆ.

ಊಟಕ್ಕೆ ನಗರದ ಪಾರ್ಕುಗಳ ಶೆಲ್ಟರ್ ಒಳ್ಳೆಯದು. ಮೇಲೆ ಸೂರು, ಮೇಜು ಬೆಂಚು, ಪಕ್ಕದಲ್ಲಿ ಶೌಚಾಲಯ, ಮಕ್ಕಳಿಗೆ ಹುಲ್ಲು. ಬೇಸಿಗೆಯ ಶನಿವಾರಗಳು ಬೇಗ ಹೋಗುತ್ತವೆ, ಚಳಿಗಾಲದಲ್ಲೇ ಕಾಯ್ದಿರಿಸಿ. ಕರೆಂಟ್ ಪಾಯಿಂಟ್ ಎಷ್ಟಿದೆ ಕೇಳಿ, ಎರಡು ದೊಡ್ಡ ರೈಸ್ ಕುಕ್ಕರ್ ಒಂದೇ ಸಾಲಿಗೆ ಹಾಕಿದರೆ ಟ್ರಿಪ್ ಆಗುತ್ತದೆ, ಅನ್ನ ಅರ್ಧ ಬೆಂದು ಕೂರುತ್ತದೆ. ಮನೆಯಲ್ಲೇ ಬಿಸಿಬೇಳೆಬಾತ್ ಮಾಡಿ ಅಲ್ಯೂಮಿನಿಯಂ ಟ್ರೇಗಳಿಗೆ ತುಂಬಿ, ಮೇಲೆ ಫಾಯಿಲ್ ಮುಚ್ಚಿ, ಟವೆಲ್ ಸುತ್ತಿ ಕೂಲರ್ ಬಾಕ್ಸ್‌ಗೆ ಇಳಿಸಿದರೆ ಎರಡು ಮೂರು ಗಂಟೆ ಬಿಸಿಯಾಗೇ ಇರುತ್ತದೆ. ತಣ್ಣಗಿಡಲು ಮಾಡಿದ ಡಬ್ಬ ಬಿಸಿಯನ್ನೂ ಹಿಡಿಯುತ್ತದೆ. ಬಾತ್ ಗಟ್ಟಿಯಾಗುತ್ತದೆ, ಮಾಡುವಾಗ ನೀರು ಸ್ವಲ್ಪ ಮುಂದೆಯೇ ಇರಲಿ. ಮೊಸರನ್ನ, ಕೋಸಂಬರಿ ಅಲ್ಲೇ ಕಲಸಿ.

ಹೊರಗೆ ತಿನ್ನುವಾಗ: ಇದು ಚೀಸಿನ ರಾಜ್ಯ. ಸಂತೆಯಲ್ಲಿ ಅವತ್ತಿನ ತಾಜಾ ಚೀಸ್ ಕರ್ಡ್ ತಿಂದರೆ ಹಲ್ಲಿಗೆ ಕಿರ್ ಕಿರ್ ಅನ್ನುತ್ತದೆ, ಮಕ್ಕಳು ಅದಕ್ಕೇ ಇನ್ನೊಂದು ಕೇಳುತ್ತಾರೆ. ಆದರೆ ಕೆಲವು ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿದ್ದರೆ "ವೆಜಿಟೇರಿಯನ್ ರೆನೆಟ್" ಅಂತ ಕೇಳಿಯೇ ಕೊಳ್ಳಿ. ಶುಕ್ರವಾರ ರಾತ್ರಿ ಎಲ್ಲ ಕಡೆ ಫಿಶ್ ಫ್ರೈ, ಮೀನು ತಿನ್ನುವ ಮಂಗಳೂರಿನ ಕಡೆಯವರಿಗೆ ಖುಷಿ. ಉಳಿದವರು ಆಲೂಗಡ್ಡೆ ಫ್ರೈಸ್ ತಿನ್ನೋಣ ಅಂದುಕೊಂಡರೆ ಎಣ್ಣೆ ಒಂದೇ ಇರಬಹುದು.

ಒಂದು ದಿನ ಹೊರಗೆ

ಇದರಲ್ಲಿ ಒಮ್ಮತ ಬರುವುದಿಲ್ಲ, ಎರಡು ಗುಂಪು ಮಾಡಿ. ಹದಿಹರೆಯದವರು ವಿಸ್ಕಾನ್ಸಿನ್ ಡೆಲ್ಸ್‌ನ ವಾಟರ್‌ಪಾರ್ಕ್ ಅನ್ನುತ್ತಾರೆ, ಸುಮಾರು ಒಂದು ಗಂಟೆ ದಾರಿ, ದುಬಾರಿ, ಗದ್ದಲ. ನಡೆಯಬಲ್ಲವರಿಗೆ ಬರಾಬೂ ಹತ್ತಿರದ ಡೆವಿಲ್ಸ್ ಲೇಕ್: 500 ಅಡಿ ಎತ್ತರದ ಬಂಡೆಗಳ ನಡುವೆ ಕೆರೆ. ಹೊರ ರಾಜ್ಯದ ನಂಬರ್ ಪ್ಲೇಟ್‌ಗೆ ಪ್ರವೇಶ ಶುಲ್ಕ ಜಾಸ್ತಿ, ಹಾಗಾಗಿ ಬಳಗದಲ್ಲಿ ವಿಸ್ಕಾನ್ಸಿನ್ ಕಾರು ಇದ್ದರೆ ಅದನ್ನೇ ತುಂಬಿಸಿ. ಬೇಸಿಗೆಯ ವಾರಾಂತ್ಯ ಪಾರ್ಕಿಂಗ್ ಬೆಳಿಗ್ಗೆಯೇ ಭರ್ತಿ, ಶುಕ್ರವಾರ ಹೋಗುವುದು ಜಾಣತನ. ಹತ್ತಲಾರದವರನ್ನು ಬರಾಬೂನಲ್ಲೇ ಇರುವ ಅಂತರರಾಷ್ಟ್ರೀಯ ಕೊಕ್ಕರೆ ಪ್ರತಿಷ್ಠಾನಕ್ಕೆ ಬಿಡಿ. ಪ್ರಪಂಚದಲ್ಲಿರುವ ಕ್ರೇನ್ ಜಾತಿಯ ಕೊಕ್ಕರೆಗಳು 15, ಎಲ್ಲವೂ ಅಲ್ಲಿವೆ, ನಮ್ಮ ಸಾರಸ್ ಕೂಡ.

ಹಿರಿಯರೇ ಜಾಸ್ತಿ ಇದ್ದರೆ ಬರಾಬೂ ಕೂಡ ಬೇಡ. ಊರೊಳಗೆ ಓಲ್‌ಬ್ರಿಚ್ ಸಸ್ಯೋದ್ಯಾನ, ಅಲ್ಲಿ ಥಾಯ್ಲೆಂಡ್ ಉಡುಗೊರೆಯಾಗಿ ಕೊಟ್ಟ ಬಂಗಾರದ ಮಂಟಪ ಇದೆ. ಬೈಲುಕುಪ್ಪೆ ನೋಡಿದವರಿಗೆ ಪಕ್ಕದ ಆರೆಗನ್ ಊರಿನ ಡೀರ್ ಪಾರ್ಕ್ ಬೌದ್ಧ ಕೇಂದ್ರ. 1981ರಲ್ಲಿ ದಲೈ ಲಾಮಾ ಪಶ್ಚಿಮದ ಮೊದಲ ಕಾಲಚಕ್ರ ದೀಕ್ಷೆ ಕೊಟ್ಟದ್ದು ಅಲ್ಲಿ. ಅಮೆರಿಕ 1990ರ ಕಾನೂನಿನಡಿ 1000 ಟಿಬೆಟನ್ನರಿಗೆ ವೀಸಾ ಕೊಟ್ಟಾಗ ನೆಲೆ ಕೊಟ್ಟ ಊರುಗಳಲ್ಲಿ ಮ್ಯಾಡಿಸನ್ ಒಂದು. ಓದುವ ಚಟದ ಚಿಕ್ಕಪ್ಪ ಇದ್ದರೆ ಕ್ಯಾಂಪಸ್ ಸುತ್ತಿಸಿ. ಹರಗೋಬಿಂದ್ ಖೊರಾನಾ 1968ರ ನೊಬೆಲ್ ಪಡೆದಾಗ ಇಲ್ಲೇ ಇದ್ದರು, ಮೈಸೂರಿನ ಎ.ಕೆ. ರಾಮಾನುಜನ್ ಕೂಡ ಇಲ್ಲಿ ಪಾಠ ಮಾಡಿದವರು.

ಬರುವುದು, ಹೋಗುವುದು, ದುಡ್ಡು

ಷಿಕಾಗೋದ ಓಹೇರ್‌ನಿಂದ ನೇರ ಬಸ್ಸು ಇದೆ, ಕ್ಯಾಂಪಸ್ ಹತ್ತಿರವೇ ಇಳಿಸುತ್ತದೆ. ಕಾಲೇಜು ಹುಡುಗರಿಗೆ ಬಸ್ಸು, ಹಿರಿಯರಿಗೆ ಕಾರು. ಬೆಂಗಳೂರಿನಿಂದ ಈಗಷ್ಟೇ ಇಳಿದವರನ್ನು ಅವತ್ತೇ ಕರೆತರಬೇಡಿ, ಷಿಕಾಗೋದಲ್ಲಿ ನಾಲ್ಕು ದಿನ ನಿದ್ದೆ ಮಾಡಲಿ. ಮಿಲ್ವಾಕೀಯಿಂದ ಒಂದೂಕಾಲು ಗಂಟೆ, ಮಿನಿಯಾಪೊಲಿಸ್‌ನಿಂದ ನಾಲ್ಕು. ಭಾನುವಾರ ಸಂಜೆ ಷಿಕಾಗೋ ಕಡೆಗೆ ಹೊರಟರೆ ಡೆಲ್ಸ್‌ನಿಂದ ವಾಪಸಾಗುವ ಕಾರುಗಳೆಲ್ಲ ನಿಮ್ಮ ಜೊತೆಗೇ ಇರುತ್ತವೆ. ಬೆಳಿಗ್ಗೆ ಉಪ್ಪಿಟ್ಟು ತಿಂದು ಹನ್ನೊಂದಕ್ಕೆ ಬಿಡಿ, ಇಲ್ಲವೇ ಸೋಮವಾರ.

ಲೆಕ್ಕವನ್ನು ಮೊದಲೇ ಹೇಳಿಬಿಡಿ, ಕೊನೆಗೆ ಅಲ್ಲ. ಮನೆ ಬಾಡಿಗೆಯನ್ನು ಕುಟುಂಬಕ್ಕಿಷ್ಟು ಅಂತ ಹಂಚಬೇಡಿ, ಕೋಣೆಗಿಷ್ಟು ಅಂತ ಹಂಚಿ. ಇಬ್ಬರೇ ಇರುವವರು ಐದು ಜನರ ಕುಟುಂಬದಷ್ಟೇ ಕೊಟ್ಟರೆ ಬಾಯಿಬಿಟ್ಟು ಹೇಳುವುದಿಲ್ಲ, ಮುಂದಿನ ಸಲ ಬರುವುದೂ ಇಲ್ಲ. ದಿನಸಿ ತಲೆಗಿಷ್ಟು, ಓದುವ ಮಕ್ಕಳಿಗೆ ಅರ್ಧ. ಖರ್ಚು ಒಬ್ಬರ ಕಾರ್ಡ್‌ನಲ್ಲೇ ಆಗಲಿ, ರಸೀದಿ ಗ್ರೂಪ್‌ಗೆ ಹಾಕಲಿ. ಊರಿನಿಂದ ಬಂದವರನ್ನು ಲೆಕ್ಕದಿಂದ ಪೂರ್ತಿ ಹೊರಗಿಡಿ. "ನಮ್ಮದೂ ಏನಾದರೂ ಇರಲಿ" ಅಂತ ಮಾವ ಹಟ ಹಿಡಿದೇ ಹಿಡಿಯುತ್ತಾರೆ, ಆಗ ಟೆರೇಸ್‌ನ ಐಸ್‌ಕ್ರೀಮ್ ಅವರ ಖಾತೆಗೆ ಬಿಡಿ, ಅವರ ಫಾರೆಕ್ಸ್ ಕಾರ್ಡ್ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದೂ ಅಲ್ಲೇ ಪರೀಕ್ಷೆ ಆಗುತ್ತದೆ.